‘ಮೃದು ಮಾತಿನವರು’ ಅಂತ ಬರೆದು ಪೇಚಿಗೆ ಸಿಕ್ಕಿದ್ದು

ನಮ್ಮ ಲೇಬರ್ ರೂಮಿನ ಹಳೆಯ ಇನ್‌ಚಾರ್ಜ್ ಸಿಸ್ಟರ್ ತೀರಿಕೊಂಡ ವಾರ ಎಚ್‌ಆರ್‌ನಿಂದ ಮೆಸೇಜ್ ಬಂತು. ಸಂಜೆ ನಾಲ್ಕಕ್ಕೆ ಸೆಮಿನಾರ್ ಹಾಲಿನಲ್ಲಿ ಸಂತಾಪ ಸಭೆ. ಕನ್ನಡದಲ್ಲಿ ಒಂದು ಪುಟದ ನೋಟ್ ಬೇಕು. ಎರಡು ಗಂಟೆಯೊಳಗೆ ಕಳಿಸಿ. ನರ್ಸಸ್ ಡೇಗೆ ನಿರೂಪಣೆ ಮಾಡುವವಳು ನಾನೇ ಆದ್ದರಿಂದ ಇಂಥವೆಲ್ಲ ನನ್ನ ತಲೆಗೇ ಬರುತ್ತವೆ. ಅವತ್ತು ಮಾರ್ನಿಂಗ್ ಡ್ಯೂಟಿ. ಔಷಧಿ ಕೊಟ್ಟು ನೋವು ಬರಿಸಬೇಕಾದ ಎರಡು ಇಂಡಕ್ಷನ್, ಮೊದಲೇ ನಿಗದಿಯಾಗಿದ್ದ ಒಂದು ಸಿಸೇರಿಯನ್, ಡಿಸ್ಚಾರ್ಜ್ ಸಮ್ಮರಿ ಇನ್ನೂ ಬಂದಿಲ್ಲ ಅಂತ ಕೌಂಟರಿನ ಹತ್ತಿರವೇ ನಿಂತಿದ್ದ ಮನೆಯವರು. ಈ ಗದ್ದಲದಲ್ಲಿ ಕೇಸ್ ಶೀಟ್ ಬರೆಯುತ್ತಾ ನೋಟನ್ನೂ ಬರೆದೆ.

ಹೇಗೆ ಬರೆದಿರಬಹುದು ಅಂತ ನೀವೇ ಊಹಿಸಿ. ಸೇವೆಯೇ ಉಸಿರಾಗಿದ್ದವರು. ಮೃದು ಮಾತಿನವರು. ಸದಾ ನಗುಮೊಗ. ಮಮತೆಯ ತಾಯಿ. ತಪ್ಪದೆ ಚರ್ಚಿಗೆ ಹೋಗುತ್ತಿದ್ದ ದೈವಭಕ್ತೆ. ಅವರ ಅಗಲಿಕೆ ತುಂಬಲಾರದ ನಷ್ಟ. ಹೆಸರು ಬದಲಾಯಿಸಿದರೆ ಯಾರ ಸಭೆಯಲ್ಲಿ ಬೇಕಾದರೂ ಓದಬಹುದಿತ್ತು. ಸತ್ತವರ ಬಗ್ಗೆ ಬರೆಯುವುದು ಹೀಗೇ ಅಲ್ವಾ ಅಂತ ನನ್ನ ಎಣಿಕೆ.

ಸಭೆಯಲ್ಲಿ ಓದಿದೆ. ‘ಸದಾ ನಗುಮೊಗ’ ಅಂದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ವಾರ್ಡಿನ ಹುಡುಗಿಯರು ತಲೆ ತಗ್ಗಿಸಿಕೊಂಡರು. ದುಃಖಕ್ಕೆ ಅಂತ ಮ್ಯಾನೇಜ್‌ಮೆಂಟಿನವರು ಅಂದುಕೊಂಡಿರಬೇಕು. ನನಗೆ ಗೊತ್ತಿತ್ತು, ನಗು ತಡೆದುಕೊಳ್ಳುತ್ತಿದ್ದರು. ದೊಡ್ಡವರೊಬ್ಬರು ಎದ್ದು ‘ಇವರು ನಮ್ಮ ಸಂಸ್ಥೆಯ ತಾಯಿ’ ಅಂದರು. ಆಮೇಲೆ ಅವರ ಚರ್ಚಿನ ಅಯ್ಯನವರು ಪ್ರಾರ್ಥನೆ ಮಾಡಿದರು. ಕೊನೆಗೆ ಚಹಾ, ಖಾರಾ ಬಿಸ್ಕತ್ತು.

ಚಹಾದ ಹೊತ್ತಿಗೆ ಅವರ ಮಗಳು ನನ್ನ ಹತ್ತಿರ ಬಂದಳು. ಬೆಂಗಳೂರಿನಲ್ಲಿ ಬ್ಯಾಂಕಿನಲ್ಲಿ ಕೆಲಸ. ಮುಖ ಥೇಟ್ ತಾಯಿಯದೇ.

‘ಅಕ್ಕಾ, ನೀವು ಅಮ್ಮನ ವಾರ್ಡಲ್ಲೇ ಇದ್ದದ್ದಲ್ವಾ?’

‘ಹೌದು.’

‘ಅಮ್ಮ ನಿಮ್ಮ ಹತ್ರ ಯಾವತ್ತಾದ್ರೂ ಮೃದುವಾಗಿ ಮಾತಾಡಿದ್ದುಂಟಾ?’

ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವಳೇ ನಕ್ಕಳು. ‘ನಮ್ಮ ಹತ್ರವೂ ಇಲ್ಲ. ಅದಕ್ಕೇ ಕೇಳಿದೆ.’ ಆಮೇಲೆ ಕಪ್ ಕೆಳಗಿಡುತ್ತಾ, ‘ಎಲ್ಲರೂ ಒಳ್ಳೆಯವರು ಒಳ್ಳೆಯವರು ಅಂತ ಹೇಳಿದ್ರು. ಅಮ್ಮ ಕೆಲಸ ಹೇಗೆ ಮಾಡ್ತಿದ್ರು ಅಂತ ಒಬ್ರೂ ಹೇಳಲೇ ಇಲ್ಲ’ ಅಂದಳು.

ಅವಳೇನೂ ಸಿಟ್ಟಿನಿಂದ ಹೇಳಲಿಲ್ಲ. ಆದರೂ ಆ ಮಾತು ನನ್ನನ್ನು ಬಿಟ್ಟು ಹೋಗಿಲ್ಲ. ಸಿಸ್ಟರ್ ಕೈಕೆಳಗೆ ಕೆಲಸ ಕಲಿತವಳು ನಾನು. ಇನ್ಯಾರು ಹೇಳಬೇಕಿತ್ತು?

ಹಾಗಾಗಿ ಈಗ ಹೇಳುತ್ತೇನೆ. ಪುಟದ ಲೆಕ್ಕ ಇಲ್ಲದೆ.

ಮೊದಲು ಅವರ ಬಾಯಿಯ ಬಗ್ಗೆ. ಲೇಬರ್ ರೂಮಿನ ಫ್ರಿಡ್ಜ್ ಒಳಗೆ, ಹೆರಿಗೆಯ ನಂತರ ಗರ್ಭಕೋಶ ಬಿಗಿದು ರಕ್ತ ನಿಲ್ಲಲು ಕೊಡುವ ಆಕ್ಸಿಟೋಸಿನ್ ಆಂಪೂಲ್ ಪಕ್ಕ ನಾನು ಮೊಸರನ್ನದ ಡಬ್ಬಿ ಇಟ್ಟಿದ್ದೆ. ಹೊಸದಾಗಿ ಸೇರಿದ್ದ ಕಾಲ. ಪ್ಯಾಂಟ್ರಿಯ ಫ್ರಿಡ್ಜ್ ಕೆಟ್ಟಿತ್ತು. ಸಿಸ್ಟರ್ ಡಬ್ಬಿ ತೆಗೆದು ಕಾರಿಡಾರಿನ ಮಧ್ಯೆ ಇಟ್ಟರು. ರೌಂಡ್ಸಿಗೆ ಬಂದ ಕನ್ಸಲ್ಟೆಂಟ್, ಅವರ ಹಿಂದೆ ಪಿಜಿಗಳು, ಇಂಟರ್ನ್‌ಗಳು, ಎಲ್ಲರೂ ನನ್ನ ಮೊಸರನ್ನ ದಾಟಿಕೊಂಡು ಹೋದರು. ನನಗೆ ಅಳು ಬಂತು. ಇವರಿಗೆ ಮನುಷ್ಯತ್ವವೇ ಇಲ್ಲ ಅಂತ ಮೆಟ್ರನ್ ಹತ್ತಿರ ದೂರು ಹೇಳಲು ಹೊರಟಿದ್ದೆ. ಜೊತೆಯವಳು ತಡೆದು ಹೇಳಿದಳು: ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಪ್ರತಿಸಲ ಬಾಗಿಲು ತೆಗೆದು ಊಟದ ಡಬ್ಬಿ ಹುಡುಕಿದರೆ ಒಳಗೆ ಬಿಸಿ ಏರುತ್ತದೆ, ಕರೆಂಟ್ ಹೋಗಿಬಂದು ಮಾಡುವ ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ. ಬಿಸಿಗೆ ಸತ್ವ ಕಳೆದುಕೊಂಡ ಔಷಧಿ ನೋಡಲು ಒಳ್ಳೆಯದರ ಹಾಗೇ ಇರುತ್ತದೆ. ನೀರಿನಷ್ಟೇ ತಿಳಿ. ರಕ್ತ ನಿಲ್ಲದೆ ಹೋದಾಗಲೇ ಗೊತ್ತಾಗುವುದು. ಇಷ್ಟನ್ನೂ ಸಿಸ್ಟರ್ ಸಮಾಧಾನವಾಗಿ ವಿವರಿಸಬಹುದಿತ್ತು. ವಿವರಿಸಲಿಲ್ಲ. ಅದು ಅವರ ಸ್ವಭಾವ, ಅದನ್ನು ನಾನು ಈಗಲೂ ಒಪ್ಪುವುದಿಲ್ಲ. ಆದರೆ ಆ ಫ್ರಿಡ್ಜ್ ಒಳಗೆ ಮತ್ತೆ ಯಾರೂ ಏನೂ ಇಡಲಿಲ್ಲ.

ಯೂನಿಫಾರ್ಮ್ ಬದಲಾದದ್ದು ಇನ್ನೊಂದು ಕಥೆ. ಬಿಳಿ ಸೀರೆ ಹೋಗಿ ಚೂಡಿದಾರ್ ಬಂದಾಗ ಹಳಬರೆಲ್ಲ ಬೇಸರ ಮಾಡಿಕೊಂಡರು. ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮೂರೂವರೆ ವರ್ಷ ಇದ್ದ ಕಾಲದವರು, ಗಂಜಿ ಹಾಕಿದ ಸೀರೆಯಲ್ಲಿ ಕಲಿತವರು. ಅವರಲ್ಲೂ ಸಿಸ್ಟರೇ ಎಲ್ಲರಿಗಿಂತ ಮೊದಲು ವಿರೋಧ ಮಾಡುತ್ತಾರೆ ಅಂತ ನಾವು ಕಾಯುತ್ತಿದ್ದೆವು. ಅವರು ಟೈಲರನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಜೇಬು ಎಷ್ಟು?’ ಎರಡು ಅಂದ. ‘ನಾಲ್ಕು ಮಾಡು’ ಅಂದರು.

ಈಗ ಆ ರಾತ್ರಿಯ ವಿಷಯಕ್ಕೆ ಬರುತ್ತೇನೆ.

ಜೋರು ಮಳೆ. ನೈಟ್ ಡ್ಯೂಟಿ. ಎರಡನೇ ಹೆರಿಗೆ, ನಾರ್ಮಲ್. ಮಗು ಮಾತ್ರ ದೊಡ್ಡದು. ಪ್ಲಾಸೆಂಟಾ, ಅಂದರೆ ಮಾಸು, ಪೂರ್ತಿ ಬಂದಿತ್ತು. ಹತ್ತು ಯೂನಿಟ್ ಆಕ್ಸಿಟೋಸಿನ್ ಕೊಟ್ಟಾಗಿತ್ತು. ಫಂಡಸ್, ಅಂದರೆ ಗರ್ಭಕೋಶದ ಮೇಲ್ತುದಿ, ಗಟ್ಟಿ. ಡ್ಯೂಟಿ ಡಾಕ್ಟರ್ ಒಂದೆರಡು ಹೊಲಿಗೆ ಹಾಕಿ ಕ್ಯಾಶುವಾಲ್ಟಿ ಕಾಲ್‌ಗೆ ಇಳಿದು ಹೋದರು. ಮಗುವನ್ನು ತಾಯಿಯ ಎದೆಗೆ ಕೊಟ್ಟು ನಾನು ಕಂಪ್ಯೂಟರ್ ಮುಂದೆ ಕೂತೆ.

ಆ ಸಾಫ್ಟ್‌ವೇರ್ ಬಗ್ಗೆ ಎರಡು ಮಾತು ಹೇಳಲೇಬೇಕು. ಹೆರಿಗೆ ಆದ ಒಂದು ಗಂಟೆಯೊಳಗೆ ಡೆಲಿವರಿ ನೋಟ್ ತುಂಬದಿದ್ದರೆ ಸ್ಕ್ರೀನ್ ಮೇಲೆ ಕೆಂಪು ಪಟ್ಟಿ ಬರುತ್ತದೆ. ಬೆಳಿಗ್ಗೆ ಕ್ವಾಲಿಟಿ ಡಿಪಾರ್ಟ್‌ಮೆಂಟಿನಿಂದ ಫೋನ್ ಬರುತ್ತದೆ. ಬ್ಲಡ್ ಲಾಸ್ ಎಷ್ಟು ಅಂತ ಬರೆಯಲು ಜಾಗ ಇಲ್ಲ, ಡ್ರಾಪ್‌ಡೌನ್: 500ರ ಒಳಗೆ, 500ರಿಂದ 1000, ಸಾವಿರದ ಮೇಲೆ. ಮೊದಲನೆಯದನ್ನು ಬಿಟ್ಟು ಬೇರೆ ಒತ್ತಿದರೆ ಇನ್ನೊಂದು ಇಡೀ ಫಾರಂ ತೆರೆದುಕೊಳ್ಳುತ್ತದೆ. ಆದ್ದರಿಂದ ಎಲ್ಲರೂ ಒತ್ತುವುದು ಮೊದಲನೆಯದನ್ನೇ. ನಾನೂ ಒತ್ತಿದೆ. ಆ ಕ್ಷಣಕ್ಕೆ ಅದು ಸುಳ್ಳೂ ಆಗಿರಲಿಲ್ಲ.

ಕತ್ತೆತ್ತಿ ಮಾನಿಟರ್ ನೋಡಿದೆ. ಬಿಪಿ 112/70. ಹಸಿರು ಅಂಕಿ. ಪಲ್ಸ್ 104. ಈಗಷ್ಟೇ ಹೆತ್ತವಳು, ಪಲ್ಸ್ ಸ್ವಲ್ಪ ಜಾಸ್ತಿ ಇರುವುದೇ. ಅಲಾರಂ ಏನೂ ಹೊಡೆಯುತ್ತಿಲ್ಲ. ಮುಂದಿನ ಪೇಜ್ ಒತ್ತಿದೆ.

ಸಿಸ್ಟರ್ ಆ ರಾತ್ರಿ ನಮ್ಮ ರೂಮಿನ ಡ್ಯೂಟಿಯಲ್ಲೇ ಇರಲಿಲ್ಲ. ನೈಟ್ ಸೂಪರ್‌ವೈಸರ್. ಸ್ಟೇಪ್ಲರ್ ಹುಡುಕಿಕೊಂಡು ಒಳಗೆ ಬಂದವರು. ಟೇಬಲ್ ದಾಟಿ ಹೋಗುವಾಗ, ಯಾರೂ ಹೇಳದೆ, ಹೊಟ್ಟೆಯ ಮೇಲೆ ಕೈ ಇಟ್ಟರು. ಅದು ಅವರ ಅಭ್ಯಾಸ. ಹೆರಿಗೆ ಆದವಳ ಪಕ್ಕ ಹೋದರೆ ಕೈ ತಾನಾಗಿಯೇ ಹೊಟ್ಟೆಗೆ ಹೋಗುತ್ತಿತ್ತು.

‘ಎಂತ ಮಾರಾಯ್ತಿ ನೀನು, ಇಲ್ಲಿ ಬಾ. ಇಲ್ಲಿ ಕೈ ಇಡು.’

ಇಟ್ಟೆ. ನಾದಿಟ್ಟ ಚಪಾತಿ ಹಿಟ್ಟಿನ ಹಾಗೆ ಮೆತ್ತಗೆ. ಫಂಡಸ್ ಹೊಕ್ಕುಳಿಗಿಂತ ಮೇಲೆ ಏರಿಬಿಟ್ಟಿತ್ತು. ಸಿಸ್ಟರ್ ಹೊದಿಕೆ ಸರಿಸಿದರು. ಹಾಸಿದ್ದ ರಬ್ಬರ್ ಶೀಟಿನ (ಮ್ಯಾಕಿಂಟಾಷ್) ಮಧ್ಯೆ ತಗ್ಗಾದ ಕಡೆ, ಬೆನ್ನಿನ ಕೆಳಗೆ, ರಕ್ತ ಮಡುಗಟ್ಟಿತ್ತು. ಹರಿದು ಕೆಳಗೆ ಬಿದ್ದಿದ್ದರೆ ನನ್ನ ಕಣ್ಣಿಗೆ ಬೀಳುತ್ತಿತ್ತು. ಅದು ಸದ್ದಿಲ್ಲದೆ ತುಂಬಿಕೊಳ್ಳುತ್ತಿತ್ತು.

ನಾನು ಗರ್ಭಕೋಶ ಬಿಗಿಸುವ ಇನ್ನೊಂದು ಔಷಧಿ ಮೆಥರ್ಜಿನ್‌ಗೆ ಓಡಿದೆ. ಅದು ನನಗೆ ಮೊದಲು ಹೊಳೆದದ್ದು. ಟ್ರಾಲಿ ತಲುಪುವುದರೊಳಗೆ ಹಿಂದಿನಿಂದ ಕೂಗು. ‘ಎಎನ್‌ಸಿ ಕಾರ್ಡ್ ನೋಡಿದ್ಯಾ? ಎಂಟನೇ ತಿಂಗಳಲ್ಲಿ ಬಿಪಿ ಎಷ್ಟಿತ್ತು?’ ಬಸುರಿನ ತಪಾಸಣೆಯ ಕಾರ್ಡ್ ಅದು. 150/100. ಡ್ಯೂಟಿ ಬದಲಾಗುವಾಗಿನ ಹ್ಯಾಂಡೋವರಿನಲ್ಲಿ ನಾನೇ ಓದಿ ಹೇಳಿದ್ದು. ಬಿಪಿ ಜಾಸ್ತಿ ಇರುವ ಅಂಥವರಿಗೆ ಮೆಥರ್ಜಿನ್ ಕೊಡುವ ಹಾಗಿಲ್ಲ ಅಂತ ಪರೀಕ್ಷೆಯಲ್ಲೂ ಬರೆದಿದ್ದೆ. ಕೈ ಮಾತ್ರ ಅದೇ ಆಂಪೂಲಿನ ಮೇಲಿತ್ತು.

‘ಫೋಲೀಸ್ ತಾ. ಮೊದಲು ಫೋಲೀಸ್.’

ನನಗೆ ಅರ್ಥವೇ ಆಗಲಿಲ್ಲ. ಹೆಂಗಸು ರಕ್ತ ಕಳೆದುಕೊಳ್ಳುತ್ತಿದ್ದಾಳೆ, ಇವರಿಗೆ ಮೂತ್ರ ತೆಗೆಯುವ ಫೋಲೀಸ್ ಕ್ಯಾಥೆಟರಿನ ಚಿಂತೆ. ಹಾಕಿದೆ. ಬ್ಯಾಗ್ ತುಂಬುತ್ತಲೇ ಹೋಯಿತು. ಅರ್ಧ ಲೀಟರಿಗಿಂತ ಜಾಸ್ತಿ. ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಮೇಲಕ್ಕೆ ಒತ್ತಿ ಹಿಡಿದುಕೊಂಡಿತ್ತು, ಬಿಗಿಯಲು ಬಿಟ್ಟಿರಲಿಲ್ಲ. ಆಗಲೇ ಸಿಸ್ಟರ್ ಒಂದು ಕೈಯಲ್ಲಿ ಹೊಟ್ಟೆ ತಿಕ್ಕುತ್ತಾ ಇನ್ನೊಂದು ಕೈಯಿಂದ ಹೆಪ್ಪುಗಟ್ಟಿದ ರಕ್ತ ತೆಗೆಯುತ್ತಿದ್ದರು. ಬಾಯಿ ಒಂದೇ ಸಮನೆ ಓಡುತ್ತಿತ್ತು. ಇಂಟರ್‌ಕಾಮ್ ಎಂಗೇಜ್, ಆಯಾ ಕೆಳಗೆ ಓಡಲಿ. ಇನ್ನೊಂದು ಡ್ರಿಪ್ ಸೂಜಿ, ವೆನ್‌ಫ್ಲಾನ್, ದಪ್ಪದ್ದು, ಎಡಗೈಗೆ. ಆಕ್ಸಿಟೋಸಿನ್ ಇಪ್ಪತ್ತು ಯೂನಿಟ್ ಡ್ರಿಪ್ಪಿಗೆ. ಬ್ಲಡ್ ಬ್ಯಾಂಕಿಗೆ ಸ್ಯಾಂಪಲ್. ಟೈಮ್ ಬರೆದುಕೋ, ಪೇಪರ್ ಇಲ್ಲದಿದ್ದರೆ ಕೈ ಮೇಲೆ ಬರೆದುಕೋ.

ಬಾಣಂತಿ ‘ಸಿಸ್ಟರ್, ಚಳಿ ಆಗ್ತದೆ’ ಅಂದಳು. ಬಾಗಿಲಲ್ಲಿ ಅವಳ ತಾಯಿ ಬಂದು ನಿಂತಿದ್ದರು. ಸಿಸ್ಟರ್ ಅವರ ಕಡೆ ತಿರುಗಿ, ಒಂದು ಚೂರೂ ದನಿ ಬದಲಿಸದೆ, ‘ಅಮ್ಮ, ಮಗುವನ್ನು ನೀವು ಹಿಡ್ಕೊಳ್ಳಿ. ಹೊರಗೆ ಕೂತ್ಕೊಳ್ಳಿ. ನಾನೇ ಬಂದು ಹೇಳ್ತೇನೆ ಆಯ್ತಾ’ ಅಂದರು. ಆ ಹೊತ್ತಿಗೆ ಮಾನಿಟರ್ ನೋಡಿದೆ. ಬಿಪಿ 106. ಇನ್ನೂ ಹಸಿರೇ. ಪಲ್ಸ್ 128.

ಡಾಕ್ಟರ್ ಓಡಿ ಬಂದರು, ಗ್ಲೌಸ್ ಹಾಕಿಕೊಂಡೇ ಬೈಮ್ಯಾನುವಲ್, ಅಂದರೆ ಎರಡು ಕೈಗಳ ನಡುವೆ ಗರ್ಭಕೋಶ ಒತ್ತಿ ಹಿಡಿಯುವುದು, ಶುರು ಮಾಡಿದರು. ರಕ್ತ ನಿಲ್ಲಲು ಟ್ರಾನೆಕ್ಸಾಮಿಕ್ ಒಂದು ಗ್ರಾಂ ನಿಧಾನವಾಗಿ. ಗರ್ಭಕೋಶ ಬಿಗಿಯಲು ಮಿಸೋ ನಾಲ್ಕು ಮಾತ್ರೆ ನಾಲಗೆ ಕೆಳಗೆ. ಎಷ್ಟು ಹೊತ್ತು ಹಿಡಿಯಿತು ಅಂತ ಆ ಕೈ ಮೇಲಿನ ಅಂಕಿ ನೋಡದಿದ್ದರೆ ನನಗೆ ಹೇಳಲು ಆಗುತ್ತಿರಲಿಲ್ಲ. ಒಂದು ಹಂತದಲ್ಲಿ ಸಿಸ್ಟರ್ ‘ಹಾಂ, ಈಗ ಬಂತು’ ಅಂದರು. ಅವರ ಅಂಗೈ ಕೆಳಗೆ ಗರ್ಭಕೋಶ ಬಿಗಿಯುತ್ತಿತ್ತು. ನನ್ನ ಕೈ ಎಳೆದು ಅಲ್ಲಿ ಒತ್ತಿಟ್ಟರು. ‘ಇದು ನೆನಪಿಟ್ಕೊ. ಗಟ್ಟಿ ಅಂದ್ರೆ ಇದು.’

ಸೀರಿಯಸ್ ಆದದ್ದೆಲ್ಲ ಮುಗಿದ ಮೇಲೆ ಅವರು ಮಾಡಿದ ಕೆಲಸ ನನಗೆ ಆವಾಗ ಹುಚ್ಚಾಟ ಅನಿಸಿತು. ನೆಂದ ಪ್ಯಾಡ್, ಮಾಪ್, ಶೀಟ್ ಎಲ್ಲವನ್ನೂ ಕವರಿಗೆ ತುಂಬಿ ಮಗು ತೂಗುವ ತಕ್ಕಡಿಯ ಮೇಲೆ ಇಟ್ಟರು. ಬೀರುವಿನ ಬಾಗಿಲ ಒಳಗಡೆ ಅವರದೇ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿತ್ತು: ಒಣಗಿದ ಪ್ಯಾಡ್ ಎಷ್ಟು ಗ್ರಾಂ, ದೊಡ್ಡ ಮಾಪ್ ಎಷ್ಟು, ಶೀಟ್ ಎಷ್ಟು. ದಿನಾ ನೋಡುತ್ತಿದ್ದೆ, ಯಾತಕ್ಕೆ ಅಂತ ಕೇಳಿರಲಿಲ್ಲ. ಒಟ್ಟು ತೂಕದಿಂದ ಒಣ ತೂಕ ಕಳೆದರು. ಒಂದು ಗ್ರಾಂ ಅಂದರೆ ಹೆಚ್ಚೂಕಡಿಮೆ ಒಂದು ಎಂಎಲ್. ಕಿಡ್ನಿ ಟ್ರೇಯಲ್ಲಿದ್ದದ್ದನ್ನು ಸೇರಿಸಿದರು. 1,350 ಎಂಎಲ್.

‘ಕಂಪ್ಯೂಟರಲ್ಲಿ ಎಷ್ಟು ಅಂತ ಹಾಕಿದ್ದಿ?’

‘ಐನೂರರ ಒಳಗೆ.’

ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. ತಿದ್ದಲು ನೋಡಿದೆವು. ಸಬ್‌ಮಿಟ್ ಆದ ನೋಟ್ ತಿದ್ದಲು ಐಟಿಗೆ ಟಿಕೆಟ್ ಹಾಕಬೇಕಂತೆ. ಹಾಕಿದೆ. ಕೆಲವು ದಿನದ ನಂತರ ‘ರಿಸಾಲ್ವ್ಡ್’ ಅಂತ ಉತ್ತರ ಬಂತು. ರೆಕಾರ್ಡಿನಲ್ಲಿ ಈಗಲೂ 500ರ ಒಳಗೆ ಅಂತಲೇ ಇದೆ. ಎರಡು ಬಾಟಲಿ ರಕ್ತ ಹಾಕಿಸಿಕೊಂಡು ಆ ತಾಯಿ ಮಗುವನ್ನು ಎತ್ತಿಕೊಂಡು ಮನೆಗೆ ಹೋದಳು. ನಮ್ಮ ಸಾಫ್ಟ್‌ವೇರಿನ ಪ್ರಕಾರ ಅವಳಿಗೆ ಏನೂ ಆಗಿಯೇ ಇಲ್ಲ.

ಬೆಳಗಿನ ಜಾವ ಪ್ಯಾಂಟ್ರಿಯಲ್ಲಿ ಹಾಲಿಲ್ಲದ ಕಣ್ಣಚಹಾ ಕುಡಿಯುತ್ತಾ ಸಿಸ್ಟರ್ ವಿವರಿಸಿದರು. ವಿವರಿಸುವುದೂ ಬರುತ್ತಿತ್ತು ಅವರಿಗೆ, ಎಲ್ಲ ಮುಗಿದ ಮೇಲೆ. ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಐನೂರರಿಂದ ಏಳುನೂರು ಎಂಎಲ್ ರಕ್ತ ಹೋಗುತ್ತಿರುತ್ತದೆ. ಪ್ಲಾಸೆಂಟಾ ಬಿಟ್ಟ ಜಾಗದಲ್ಲಿ ಅಷ್ಟೂ ನಲ್ಲಿಗಳ ಬಾಯಿ ಮುಚ್ಚುವುದು ಗರ್ಭಕೋಶದ ಸ್ನಾಯು ಬಿಗಿದರೆ ಮಾತ್ರ. ವಯಸ್ಸಿನ ಹುಡುಗಿಯರ ಮೈ ಗಟ್ಟಿ. ರಕ್ತ ಹೋಗುತ್ತಿದ್ದರೂ ಬಿಪಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ‘ಬಿಪಿ ಬೀಳುವುದು ಕೊನೆಗೆ. ಮೊದಲು ಓಡುವುದು ನಾಡಿ. ನಾಡಿಯ ಅಂಕಿ ಬಿಪಿಯ ಮೇಲಿನ ಅಂಕಿಯ ಹತ್ರ ಬಂತಾ, ಆಗ್ಲೇ ಎಚ್ಚರ ಆಗ್ಬೇಕು. ದಾಟಿತು ಅಂದ್ರೆ ತಡ ಆಯ್ತು ಅಂತ ಲೆಕ್ಕ.’ ನಾಡಿಯನ್ನು ಬಿಪಿಯ ಮೇಲಿನ ಅಂಕಿಯಿಂದ ಭಾಗಿಸಿದರೆ ಬರುವುದಕ್ಕೆ ಶಾಕ್ ಇಂಡೆಕ್ಸ್ ಅಂತ ಹೆಸರಿದೆ, 0.9 ದಾಟಿದರೆ ಜಾಗ್ರತೆ ಅಂತ ಆಮೇಲೆ ಟ್ರೈನಿಂಗಿನಲ್ಲಿ ಸ್ಲೈಡ್ ತೋರಿಸಿದರು. ನನ್ನ ಕೇಸಿನಲ್ಲಿ ನಾನು ಮುಂದಿನ ಪೇಜ್ ಒತ್ತಿದಾಗ ಅದು 104ಕ್ಕೆ 112. ಆಗಲೇ 0.9 ದಾಟಿತ್ತು.

ಈ ರಾತ್ರಿಯನ್ನು ನಾನು ಸಂತಾಪದ ನೋಟಿನಲ್ಲಿ ಒಂದು ಸಾಲೂ ಬರೆಯಲಿಲ್ಲ. ‘ಸೇವೆಯೇ ಉಸಿರು’ ಅಂತ ಬರೆದೆ. ಯಾಕೆ ಅಂತ ಯೋಚಿಸಿದರೆ, ನಮಗೆ ನರ್ಸನ್ನು ಹೊಗಳುವುದು ಒಂದೇ ರೀತಿ ಗೊತ್ತು. ಡಾಕ್ಟರ್ ಸತ್ತರೆ ‘ಎಂಥ ಕೈಚಳಕ’ ಅನ್ನುತ್ತೇವೆ. ನರ್ಸ್ ಸತ್ತರೆ ‘ಎಂಥ ಮನಸ್ಸು’.

ಪ್ರತಿವರ್ಷ ಮೇ 12ಕ್ಕೆ ಮೇಣದಬತ್ತಿ ಹಿಡಿದು ಪ್ರತಿಜ್ಞೆ ಮಾಡುತ್ತೇವೆ. ಫ್ಲಾರೆನ್ಸ್ ನೈಟಿಂಗೇಲ್, ದೀಪ ಹಿಡಿದ ಮಹಿಳೆ. ನಿರೂಪಣೆಯಲ್ಲಿ ನಾನೂ ಅದನ್ನೇ ಓದುತ್ತಾ ಬಂದೆ. ಆಕೆ ಕೂತು ಲೆಕ್ಕ ಬರೆದವರು ಅನ್ನುವುದು ನಮ್ಮ ಸ್ಕ್ರಿಪ್ಟಿನಲ್ಲಿ ಇಲ್ಲವೇ ಇಲ್ಲ. ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ಜಾಸ್ತಿ ಜನ ಆಸ್ಪತ್ರೆಯ ಕೊಳಕಿನಿಂದ ಹಬ್ಬಿದ ರೋಗಗಳಿಗೆ ಸತ್ತರು ಅಂತ 1858ರಲ್ಲಿ ಚಕ್ರದಂಥ ಚಿತ್ರ ಬರೆದು ತೋರಿಸಿದರು. ತಿಂಗಳಿಗೊಂದು ತುಂಡು, ಸಾವಿನ ಕಾರಣಕ್ಕೊಂದು ಬಣ್ಣ. ಬೀರುವಿನ ಬಾಗಿಲಿಗೆ ಒಣ ಪ್ಯಾಡಿನ ತೂಕ ಅಂಟಿಸಿದ ನಮ್ಮ ಸಿಸ್ಟರ್ ಆ ಹೆಂಗಸಿನ ನಿಜವಾದ ಶಿಷ್ಯೆ.

ಅರುಣಾ ಶಾನಭಾಗ್ ವಿಷಯವೂ ಹಾಗೇ. ನಮ್ಮ ಹೊನ್ನಾವರ ಕಡೆಯ ಹಳದೀಪುರದವರು. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ 1973ರ ನವೆಂಬರಿನಲ್ಲಿ ಹಲ್ಲೆಗೊಳಗಾಗಿ 2015ರ ಮೇ ತಿಂಗಳವರೆಗೆ ಅಲ್ಲಿಯೇ ಮಲಗಿದ್ದರು. ಅಷ್ಟು ವರ್ಷವೂ ಅಲ್ಲಿನ ನರ್ಸ್‌ಗಳು ನೋಡಿಕೊಂಡರು. ಮಲಗಿದಲ್ಲೇ ಆಗುವ ಹುಣ್ಣು, ಬೆಡ್‌ಸೋರ್, ಆಗಲು ಬಿಡಲಿಲ್ಲ. 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ನರ್ಸ್‌ಗಳನ್ನು ಮನಸಾರೆ ಹೊಗಳಿತು. ಊರೆಲ್ಲ ಅದನ್ನು ಪ್ರೀತಿ ಅಂದರು. ಪ್ರೀತಿ ಇತ್ತು, ಸರಿ. ಆದರೆ ಬೆಡ್‌ಸೋರ್ ಆಗದಿರಬೇಕಾದರೆ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ಬೆನ್ನು ಒಣಗಿಸಬೇಕು, ಊಟದ ಪ್ರೋಟೀನ್ ನೋಡಬೇಕು. ಒಂದು ಬ್ಯಾಚ್ ರಿಟೈರ್ ಆಗಿ ಇನ್ನೊಂದು ಬ್ಯಾಚ್ ಬಂದರೂ ಒಂದು ಶಿಫ್ಟ್ ತಪ್ಪಬಾರದು. ನಲವತ್ತು ವರ್ಷ ತಪ್ಪದ ಹ್ಯಾಂಡೋವರ್ ಅದು. ನಮ್ಮಲ್ಲಿ ಒಂದು ಭಾನುವಾರ ದಾಟಿದರೆ ಹ್ಯಾಂಡೋವರ್ ತಪ್ಪುತ್ತದೆ.

ಭಾನುವಾರ ಅಂದಾಗ ಸಿಸ್ಟರ್ ಅವರ ಚರ್ಚ್ ನೆನಪಾಗುತ್ತದೆ. ಅವರದು ಹಳೆಯ ಬಾಸೆಲ್ ಮಿಶನ್ ಸಭೆಯ ಮನೆತನ, ಈಗಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದವರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದವರು. ಇವರ ಹಿರಿಯರು ಹೆಂಚಿನ ಕೆಲಸದವರಂತೆ. ದೊಡ್ಡಮ್ಮ ಒಬ್ಬರು ಉಡುಪಿಯ ಮಿಶನ್ ಆಸ್ಪತ್ರೆಯಲ್ಲಿ ನರ್ಸ್. 1923ರಲ್ಲಿ ಇವಾ ಲೊಂಬಾರ್ಡ್ ಅನ್ನುವ ಸ್ವಿಸ್ ಡಾಕ್ಟರಮ್ಮ ಹೆಂಗಸರು ಮಕ್ಕಳಿಗಾಗಿ ಶುರು ಮಾಡಿದ ಆಸ್ಪತ್ರೆ ಅದು. ಆ ದೊಡ್ಡಮ್ಮನ ಗಂಜಿ ಹಾಕಿದ ಸೀರೆ ನೋಡಿಯೇ ತಾನು ಈ ಕೆಲಸಕ್ಕೆ ಬಂದದ್ದು ಅಂತ ಸಿಸ್ಟರ್ ಹೇಳುತ್ತಿದ್ದರು. ಬಂದ ಮೇಲೆ ಗೊತ್ತಾಯ್ತು, ಗಂಜಿ ಹಾಕುವುದೂ ನಾವೇ ಅಂತ.

ಶನಿವಾರ ರಾತ್ರಿ ಡ್ಯೂಟಿ ಮಾಡಿ ಭಾನುವಾರ ಬೆಳಿಗ್ಗೆ ನೇರವಾಗಿ ಆರಾಧನೆಗೆ ಹೋಗುತ್ತಿದ್ದರು. ಮನೆಗೆ ಹೋದರೆ ಮಲಗಿಬಿಡುತ್ತೇನೆ ಅನ್ನುವ ಭಯ. ಸಂತಾಪ ಸಭೆಯಲ್ಲಿ ಅಯ್ಯನವರು ಹೇಳಿದರು, ‘ನಾನು ಪ್ರಸಂಗ ಮಾಡುವಾಗ ಕೊನೆಯ ಬೆಂಚಿನಲ್ಲಿ ಕಂಬದ ಪಕ್ಕ ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿ ಮುಳುಗಿರುತ್ತಿದ್ದರು.’ ಚಹಾದ ಹೊತ್ತಿಗೆ ಮಗಳು ಅದನ್ನು ನೆನೆದು ಪಿಸುಗುಟ್ಟಿದಳು: ‘ನಿದ್ದೆ.’ ಕಂಬದ ಪಕ್ಕ ಕೂರುತ್ತಿದ್ದದ್ದೂ ಒರಗಿಕೊಳ್ಳಲಿಕ್ಕೇ ಅಂತೆ. ಕಾಣಿಕೆ ತಟ್ಟೆ ಹತ್ತಿರ ಬಂದಾಗ ಮಗಳು ಮೊಣಕೈಯಿಂದ ತಿವಿಯಬೇಕು.

ಹಾಗಂತ ಭಕ್ತಿ ಇರಲಿಲ್ಲ ಅಂತಲ್ಲ. ಸುಗ್ಗಿ ಹಬ್ಬದ ಏಲಂನಲ್ಲಿ ಒಂದು ಸಾದಾ ಸಿಹಿಗುಂಬಳಕ್ಕೆ ನಾನೂರು ರೂಪಾಯಿವರೆಗೆ ಕೂಗಿ, ಅದನ್ನು ಹೊತ್ತುಕೊಂಡು ಡ್ಯೂಟಿಗೆ ಬಂದು ಆಯಾಗಳಿಗೆ ಹಂಚಿದ್ದುಂಟು. ಒಮ್ಮೆ ನಾನು ಕೇಳಿದೆ, ‘ಸಿಸ್ಟರ್, ಎಮರ್ಜೆನ್ಸಿ ಬಂದಾಗ ಪ್ರಾರ್ಥನೆ ಮಾಡ್ತೀರಾ?’ ‘ಗ್ಲೌಸ್ ಹಾಕ್ಕೊಳ್ಳುವಾಗ ಒಂದು ಸಾಲು. ಅದಕ್ಕಿಂತ ಜಾಸ್ತಿಗೆ ಪುರುಸೊತ್ತು ಎಲ್ಲಿ?’ ಅಂದರು. ಬೇರೆಯವರ ಮುಂದೆ ಬೈಬಲ್ ತೆಗೆದದ್ದನ್ನು ನಾನು ಕಂಡಿಲ್ಲ.

ಅವರಿಗೆ ಬೇಕಾಗಿದ್ದ ರಜೆ ಎರಡೇ. ಕ್ರಿಸ್ಮಸ್ ಮತ್ತು ಶುಭ ಶುಕ್ರವಾರ. ಅದಕ್ಕಾಗಿ ಚೌತಿ, ದೀಪಾವಳಿ, ರಂಜಾನ್ ಎಲ್ಲ ನಮ್ಮ ಡ್ಯೂಟಿಯನ್ನೂ ಎತ್ತಿಕೊಂಡು ಮಾಡುತ್ತಿದ್ದರು. ಒಪ್ಪಂದ ಅದು, ನೇರ ವ್ಯವಹಾರ. ಒಂದು ವರ್ಷ ಮೂವರು ಒಟ್ಟಿಗೆ ಕೆಲಸ ಬಿಟ್ಟು ಗಲ್ಫಿಗೆ ಹೋದರು, ಆ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿರಲಿಲ್ಲ. ಕ್ರಿಸ್ಮಸ್ ರಾತ್ರಿ ರಿಲೀವರ್ ಬರಲಿಲ್ಲ. ಸಿಸ್ಟರ್ ಡಬಲ್ ಡ್ಯೂಟಿ ಮಾಡಿದರು. ವಾರವಿಡೀ ಮುಖ ಗಂಟು ಹಾಕಿಕೊಂಡಿದ್ದರು. ಮುಂದಿನ ತಿಂಗಳ ನ್ಯೂಸ್‌ಲೆಟರಿನಲ್ಲಿ ಅವರ ಫೋಟೋ ಬಂತು: ‘ಹಬ್ಬ ತ್ಯಾಗ ಮಾಡಿ ಕರ್ತವ್ಯ ಮೆರೆದ ಸಿಸ್ಟರ್.’ ಅವರು ಅದನ್ನು ಹರಿದು ಪ್ಲಾಸೆಂಟಾ ಬಕೆಟಿನ ಅಡಿಗೆ ಹಾಸಿದರು. ‘ತ್ಯಾಗ ಯಾರು ಮಾಡಿದ್ದು? ರೋಸ್ಟರ್ ಹಾಕಲಿಕ್ಕೆ ಬಾರದವರು ನನ್ನ ಹಬ್ಬ ತಿಂದದ್ದು.’

ಅವರ ಮಾತಿನಲ್ಲಿ ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಇದು. ಮ್ಯಾನೇಜ್‌ಮೆಂಟ್ ಜೋರಾಗಿ ಹೊಗಳಿದಾಗಲೆಲ್ಲ ನಾನು ರೋಸ್ಟರ್ ತೆಗೆದು ನೋಡುತ್ತೇನೆ. ಎಲ್ಲೋ ಒಂದು ಪೋಸ್ಟ್ ಖಾಲಿ ಇರುತ್ತದೆ. ಸಂಬಳದ್ದೂ ಇದೇ ಕಥೆ. 2016ರ ಜನವರಿಯಲ್ಲಿ ಖಾಸಗಿ ಆಸ್ಪತ್ರೆ ನರ್ಸ್‌ಗಳ ಸಂಬಳದ ಬಗ್ಗೆ ಸಮಿತಿ ಮಾಡಿ ಅಂತ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಿತು. ಸಮಿತಿ ಶಿಫಾರಸು ಮಾಡಿತು: 200 ಹಾಸಿಗೆಗಿಂತ ದೊಡ್ಡ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸಿಗೆ ಸಮನಾಗಿ, 50ಕ್ಕಿಂತ ಚಿಕ್ಕದರಲ್ಲೂ ತಿಂಗಳಿಗೆ 20,000ಕ್ಕೆ ಕಡಿಮೆ ಇಲ್ಲದಂತೆ. ಅದರ ಪ್ರಿಂಟೌಟ್ ಸಿಸ್ಟರ್ ಅವರ ಮೂರನೇ ಜೇಬಿನಲ್ಲಿ ಬಹಳ ದಿನ ಇತ್ತು. ಎಚ್‌ಆರ್‌ನವರು ಎದುರಾದಾಗೆಲ್ಲ ತೆಗೆದು ತೋರಿಸುತ್ತಿದ್ದರು. ‘ಮೃದು ಮಾತಿನವರು’ ಅಂತ ನಾನು ಓದುವಾಗ ಅದೇ ಎಚ್‌ಆರ್‌ನವರು ಮುಂದಿನ ಸಾಲಿನಲ್ಲಿ ತಲೆ ಆಡಿಸುತ್ತಿದ್ದರು.

ತಾಯಿಯಾಗಿ ಹೇಗಿದ್ದರು ಅಂತ ನಾನು ಹೇಳುವುದು ಸರಿಯಲ್ಲ. ಮಗಳು ಹೇಳಿದ್ದನ್ನೇ ಹೇಳುತ್ತೇನೆ. ‘ಅಮ್ಮ ಅಂದ್ರೆ ನಮಗೆ ಮಧ್ಯಾಹ್ನ ಬಾಗಿಲು ಹಾಕಿ ಮಲಗಿರುವವರು. ಶಬ್ದ ಮಾಡುವ ಹಾಗಿಲ್ಲ. ತಮ್ಮ ಕ್ರಿಕೆಟ್ ಆಡಲಿಕ್ಕೆ ಅದಕ್ಕೇ ಪಕ್ಕದ ಕೇರಿಗೆ ಹೋಗ್ತಿದ್ದ.’ ಅವರು ವರ್ಷಗಟ್ಟಲೆ ನೈಟ್ ಕೇಳಿ ಪಡೆದದ್ದು ಮಕ್ಕಳು ಶಾಲೆಯಿಂದ ಬರುವಾಗ ಮನೆಯಲ್ಲಿ ಇರಬೇಕು ಅಂತ. ಇದ್ದರು, ಆದರೆ ನಿದ್ದೆಯಲ್ಲಿ. ನಾಲ್ಕೂವರೆಗೆ ಅಲಾರಂ ಇಟ್ಟು ಎದ್ದು ತಿಂಡಿ ಮಾಡಿ ನೋಟ್ಸ್ ನೋಡುತ್ತಿದ್ದರು. ಸಹಿ ಮಾಡುವಾಗ ಅಭ್ಯಾಸಬಲದಿಂದ ಪಕ್ಕದಲ್ಲಿ ಟೈಮೂ ಬರೆಯುತ್ತಿದ್ದರಂತೆ. ಮಗಳ ಪ್ರೋಗ್ರೆಸ್ ಕಾರ್ಡಿನ ಮೇಲೆ ತಾರೀಕು, ಅದರ ಪಕ್ಕ ‘ಸಂಜೆ 5.10’. ಟೀಚರಿಗೆ ಅದೇನೆಂದು ಅರ್ಥವಾಗದೆ ಕರೆದು ಕೇಳಿದ್ದರಂತೆ.

ಮಗಳಿಗೆ ಆ ಮಳೆಗಾಲದ ರಾತ್ರಿಯ ಕಥೆಯನ್ನು ಆಮೇಲೆ ಫೋನ್ ಮಾಡಿ ಹೇಳಿದೆ. ಪೂರ್ತಿ ಕೇಳಿದಳು. ‘ಎಷ್ಟು ಎಂಎಲ್ ಅಂದ್ರಿ?’ ಅಂತ ಕೇಳಿದಳು. ಹೇಳಿದೆ. ಬರೆದುಕೊಂಡಿರಬೇಕು, ಪೆನ್ನಿನ ಸದ್ದು ಬಂತು. ‘ಆ ಮಗು ಈಗ ಎಷ್ಟನೇ ಕ್ಲಾಸು?’ ಅಂದಳು. ನನಗೆ ಗೊತ್ತಿರಲಿಲ್ಲ.

ಈಗ ತೂಕದ ವಿಷಯ. 2023ರಲ್ಲಿ ಇ-ಮೋಟಿವ್ ಅಂತ ದೊಡ್ಡ ಅಧ್ಯಯನ ಬಂತು. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ ಆಸ್ಪತ್ರೆಗಳಲ್ಲಿ ಮಾಡಿದ್ದು. ಹೆರಿಗೆಯಾದವಳ ಕೆಳಗೆ ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಡ್ರೇಪ್ ಹಾಕಿ, ರಕ್ತ ಎಷ್ಟು ಹೋಯಿತು ಅಂತ ಕಣ್ಣಳತೆ ಬಿಟ್ಟು ಗೆರೆ ನೋಡಿ, ತಿಕ್ಕುವುದು, ಔಷಧಿ, ಡ್ರಿಪ್ ಎಲ್ಲವನ್ನೂ ಒಂದರ ಹಿಂದೆ ಒಂದು ಕಾಯದೆ ಒಟ್ಟಿಗೆ ಶುರು ಮಾಡಿದರೆ ತೀವ್ರ ರಕ್ತಸ್ರಾವ, ಅದಕ್ಕಾಗಿ ಆಪರೇಷನ್, ಸಾವು ಎಲ್ಲ ಸೇರಿ 60 ಶೇಕಡಾ ಕಡಿಮೆಯಾಯಿತು ಅಂತ. ನಮ್ಮ ಸಿಸ್ಟರ್ ಮಗುವಿನ ತಕ್ಕಡಿಯಲ್ಲಿ ಮಾಡುತ್ತಿದ್ದದ್ದರ ಒಳ್ಳೆಯ ರೂಪ ಅಷ್ಟೇ. ಅವರದು ಆಮೇಲೆ ತೂಗುವುದು, ಇದು ಆಗುತ್ತಿರುವಾಗಲೇ ಅಳೆಯುವುದು. ಅವರಿದ್ದಿದ್ದರೆ ಮೊದಲು ಡ್ರೇಪ್ ತರಿಸುತ್ತಿದ್ದರು, ಆಮೇಲೆ ನಮಗೆ ಬೈಯುತ್ತಿದ್ದರು.

ನಾನು ಡ್ರೇಪಿಗೆ ಇಂಡೆಂಟ್, ಅಂದರೆ ಬೇಡಿಕೆ ಚೀಟಿ, ಹಾಕಿದೆ. ಜೊತೆಗೆ ಪ್ಯಾಡ್ ತೂಗಲು ಒಂದು ಸಣ್ಣ ಡಿಜಿಟಲ್ ತಕ್ಕಡಿಗೂ ಹಾಕಿದೆ. ಡ್ರೇಪ್ ‘ಬಜೆಟ್ ನಂತರ ಪರಿಶೀಲಿಸಲಾಗುವುದು’. ತಕ್ಕಡಿಗೆ ಮೂರು ಕೊಟೇಶನ್ ಕೇಳಿದರು. ಕೊಟ್ಟೆ. ಆಮೇಲೆ ಅದು ಅಡುಗೆಮನೆ ಸಾಮಾನಿನ ಪಟ್ಟಿಗೆ ಬರುತ್ತದೆ, ಡಯಟರಿ ವಿಭಾಗದ ಮೂಲಕ ಕಳಿಸಿ ಅಂತ ವಾಪಸ್ ಬಂತು. ಡಯಟರಿಯವರು ತಮ್ಮಲ್ಲಿ ಆಗಲೇ ತಕ್ಕಡಿ ಇದೆ, ಹೊಸದು ಬೇಡ ಅಂತ ಬರೆದು ಸಹಿ ಹಾಕಿದರು.

ಅಲ್ಲಿಯವರೆಗೆ ನಾವೂ ಮಗುವಿನ ತಕ್ಕಡಿಯನ್ನೇ ಬಳಸುತ್ತಿದ್ದೆವು. ಮೊನ್ನೆ ಆಡಿಟ್‌ನವರು ಬಂದವರು ಇದನ್ನು ನೋಡಿ, ಇದು ಇನ್ಫೆಕ್ಷನ್ ಕಂಟ್ರೋಲ್ ನಿಯಮಕ್ಕೆ ವಿರುದ್ಧ ಅಂತ ರಿಪೋರ್ಟಿನಲ್ಲಿ ಬರೆದರು. ಸರಿಯಾಗಿಯೇ ಬರೆದಿದ್ದಾರೆ. ಆ ಪುಟದ ಜೆರಾಕ್ಸ್ ತೆಗೆದು, ಹಳೆಯ ಇಂಡೆಂಟಿಗೆ ಸ್ಟೇಪಲ್ ಮಾಡಿ, ತಾರೀಕಿನ ಪಕ್ಕ ಟೈಮೂ ಬರೆದು ಪರ್ಚೇಸಿಗೆ ಮತ್ತೆ ಕಳಿಸಿದ್ದೇನೆ.